ಮರಿ ಬಂದ ಮೇಲೆ ಮುದ್ದೆ ಬಿಟ್ಟ ನಾಯಿ

ನಮ್ಮ ನಾಯಿಗೆ ಒಂಬತ್ತು ವರ್ಷ ತುಂಬಿದಾಗ ಅದಕ್ಕೊಂದು ಉಪಕಾರ ಮಾಡಬೇಕೆಂದು ನನಗನ್ನಿಸಿತು. ಅದು ಕೇಳಿರಲಿಲ್ಲ. ಮಧ್ಯಾಹ್ನದ ಹೊತ್ತು ಹೊಸ್ತಿಲ ಹೊರಗೆ ತನ್ನ ಗೋಣಿಚೀಲದ ಮೇಲೆ ಒಂಟಿಯಾಗಿ ಮಲಗಿರುತ್ತಿತ್ತು. ಅದನ್ನು ನೋಡಿ, ಪಾಪ, ಬೇಜಾರಾಗಿದೆ ಎಂದು ತೀರ್ಮಾನಿಸಿದವಳು ನಾನೇ. ಅಜ್ಜಂಪುರದಲ್ಲಿ ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಸುಮ್ಮನೆ ಕೂತವರನ್ನು ಕಂಡರೆ ಅವರಿಗೊಂದು ಕೆಲಸವನ್ನೋ ಜೊತೆಯನ್ನೋ ಹಚ್ಚದೆ ನನಗೆ ಸಮಾಧಾನವಿಲ್ಲ.

ವಿಷಯ ಯಗಟಿಯಲ್ಲಿರುವ ನಾದಿನಿಯ ಕಿವಿಗೆ ಬಿತ್ತು. ಅವಳ ಮನೆಯಲ್ಲಿ ಕುರಿಗಳಿವೆ. ಕುರಿ ಕಾಯುವ ನಾಯಿ ಆಗಷ್ಟೇ ಐದು ಮರಿ ಹಾಕಿತ್ತು. ಅವನ್ನು ಯಾರ ತಲೆಗೆ ಕಟ್ಟುವುದೆಂದು ಅವಳು ಯೋಚಿಸುತ್ತಿದ್ದಳು. ಮರಿಗಳು ಹಾಲು ಬಿಟ್ಟ ವಾರವೇ ಒಂದನ್ನು ವೈರ್ ಬ್ಯಾಗಿನೊಳಗೆ ಕೂರಿಸಿ, ಮೇಲೆ ನುಗ್ಗೆಸೊಪ್ಪು ಹೊದಿಸಿ, ಕಂಡಕ್ಟರಿಗೆ ಕಾಣದಂತೆ ಬಸ್ಸು ಬದಲಿಸಿಕೊಂಡು ತಂದೇಬಿಟ್ಟಳು. ಚಹಾ ಕುಡಿದು ಮುಂದಿನ ಬಸ್ಸಿಗೇ ಹೊರಟಳು. ವಾಪಸು ಕೊಟ್ಟುಬಿಟ್ಟಾರೆಂಬ ಭಯವಿತ್ತೆಂದು ಆಮೇಲೆ ಒಪ್ಪಿಕೊಂಡಳು.

ನನ್ನ ಗಂಡನದು ಮೋಟಾರು ಕಾಯಿಲ್ ಸುತ್ತುವ ಅಂಗಡಿ. ಲೋಕದಲ್ಲಿ ಯಾವುದು ಕೆಟ್ಟರೂ ಅದಕ್ಕೊಂದು ವೈರಿಂಗ್ ನಕ್ಷೆ ಇರುತ್ತದೆಂದು ಅವರು ಬಲವಾಗಿ ನಂಬಿದ್ದಾರೆ. ಆ ಸಂಜೆ ಫೋನಿನಲ್ಲಿ ನಾಯಿಗಳ ವೀಡಿಯೊ ಹಾಕಿಕೊಂಡು ಕೂತವರು ಊಟದ ಹೊತ್ತಿಗೆ ಪರಿಣತರಾಗಿ ಎದ್ದರು.

"ಲೋಡ್ ಒಂದೇ ಸಲ ಕೊಡ್ಬಾರ್ದು ಕಣೇ. ಸ್ಟೆಪ್ ಬೈ ಸ್ಟೆಪ್ ಕೊಡ್ಬೇಕು. ಫಸ್ಟು ಎರಡೂ ನಾಯಿಗೆ ಸೇರದೆ ಇರೋ ಜಾಗದಲ್ಲಿ ಭೇಟಿ ಮಾಡಿಸ್ಬೇಕಂತೆ."

ವೀಡಿಯೊದಲ್ಲಿ ಅಂಥ ಜಾಗ ಇತ್ತು. ಹಸಿರು ಹುಲ್ಲುಹಾಸು, ಸುತ್ತ ಬಿಳಿ ಬೇಲಿ. ಅಜ್ಜಂಪುರದಲ್ಲಿ ಯಾವ ನಾಯಿಗೂ ಸೇರದ ಜಾಗ ಹುಡುಕುವುದು ಎಷ್ಟು ಕಷ್ಟವೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಬಸ್ ಸ್ಟ್ಯಾಂಡು, ಸಂತೆ ಮೈದಾನ, ಕೋಳಿ ಅಂಗಡಿ ಬೀದಿ, ಎಲ್ಲಕ್ಕೂ ವಾರಸುದಾರರಿದ್ದರು. ಕೊನೆಗೆ ರೈಲ್ವೆ ಸ್ಟೇಷನ್ನಿನ ಆಚೆಗಿನ ಬಯಲು ಖಾಲಿ ಕಂಡಿತು. ಮರಿ ನನ್ನ ಕಂಕುಳಲ್ಲಿ, ಹಳೆಯದರ ಸರಪಳಿ ಗಂಡನ ಕೈಯಲ್ಲಿ. ಎರಡನ್ನೂ ಎದುರುಬದುರು ನಿಲ್ಲಿಸಬೇಕು ಎನ್ನುವಷ್ಟರಲ್ಲಿ ಜಾಲಿ ಪೊದೆಯ ಹಿಂದಿನಿಂದ ನಾಲ್ಕು ನಾಯಿಗಳು ಎದ್ದು ಬಂದವು. ಗಂಡ ಕಲ್ಲು ಹುಡುಕಲು ಬಗ್ಗಿದಾಗ ಸರಪಳಿ ಕೈಜಾರಿತು. ನಮ್ಮ ನಾಯಿ ಆ ನಾಲ್ಕನ್ನೂ ನೋಡಿತು, ನನ್ನ ಕಂಕುಳಿನ ಮರಿಯನ್ನು ನೋಡಿತು. ಆಮೇಲೆ ಸರಪಳಿ ಎಳೆದುಕೊಂಡು, ಅವಸರವಿಲ್ಲದೆ, ಮನೆಯ ದಾರಿ ಹಿಡಿಯಿತು.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಹೆಂಗಸೊಬ್ಬರು ಕೋಲು ಬೀಸಿಕೊಂಡು ಬಂದು ನಮ್ಮನ್ನು ರಸ್ತೆಯವರೆಗೆ ಬಿಟ್ಟರು.

"ಏನಕ್ ಬಂದಿದ್ರಿ ಇಲ್ಲಿಗೆ?"

"ನಾಯಿಗೆ ನಾಯಿ ಪರಿಚಯ ಮಾಡಿಸೋಕೆ," ಎಂದರು ನನ್ನ ಗಂಡ.

ಆಕೆ ಮೇಕೆಗಳನ್ನು ಇನ್ನಷ್ಟು ಆಚೆಗೆ ಹೊಡೆದುಕೊಂಡು ಹೋದರು.

ಎರಡನೆಯ ಸ್ಟೆಪ್ಪು ವಾಸನೆಯದು. ಒಂದರ ಹಾಸಿಗೆ ಇನ್ನೊಂದಕ್ಕೆ ಹಾಕಬೇಕಂತೆ. ಹಳೆಯ ನಾಯಿಯ ಗೋಣಿಚೀಲವನ್ನು ಎತ್ತಿದೆ. ಕೊಳಕಾಗಿತ್ತು. ಎಳೆ ಮರಿಗೆ ಹಾಸುವಂಥದ್ದಲ್ಲವೆಂದು ಸೋಪಿನಪುಡಿಯಲ್ಲಿ ನೆನೆಹಾಕಿ, ಚೆನ್ನಾಗಿ ಒಗೆದು, ಬಿಸಿಲಿನಲ್ಲಿ ಒಣಗಿಸಿ ಹಾಸಿದೆ. ವಾಸನೆಗೆಂದು ಎತ್ತಿದ ಚೀಲದಿಂದ ವಾಸನೆಯನ್ನೇ ತೆಗೆದೆನೆಂಬುದು ಬಿ.ಎಡ್. ಮಾಡಿದ ನನಗೆ ಹೊಳೆಯಲಿಲ್ಲ.

ಅವತ್ತು ಸಂಜೆಯಿಂದ ನಾಯಿ ಮುದ್ದೆ ಮುಟ್ಟಲಿಲ್ಲ. ಹಿತ್ತಲ ತೆಂಗಿನ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಮಲಗಿತು. ಮರಿ ಅದರ ಬಾಲ ಹಿಡಿದು ಎಳೆದಾಗ ಗುರ್ ಎಂದಿತು. ನಾನು ಓಡಿಹೋಗಿ ಮರಿಯನ್ನೆತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅದಕ್ಕೆ ಬಿಸ್ಕತ್ತು ತಿನ್ನಿಸುತ್ತಾ, ಹಳೆಯ ನಾಯಿಗೆ ಬುದ್ಧಿ ಹೇಳಿದೆ. ನೀನು ದೊಡ್ಡವನು, ಹಂಚಿಕೊಂಡು ಬಾಳಬೇಕು, ಇತ್ಯಾದಿ. ಒಂಬತ್ತನೇ ತರಗತಿಯವರು ಈ ಮಾತನ್ನು ಹೇಗೆ ಕೇಳುತ್ತಾರೋ ಅದೂ ಹಾಗೇ ಕೇಳಿತು, ಬೇರೆಲ್ಲೋ ನೋಡುತ್ತಾ.

ಮೂರನೆಯ ದಿನ ಹೆದರಿಕೆಯಾಯಿತು. ದನದ ಡಾಕ್ಟರನ್ನು ಕರೆಸಿದೆವು. ಅವರು ಬಾಯಿ ತೆರೆಸಿ ಹಲ್ಲು ನೋಡಿ, ಹೊಟ್ಟೆ ಒತ್ತಿ ನೋಡಿದರು.

"ಜ್ವರ ಇಲ್ಲ, ಏನಿಲ್ಲ. ಮನೇಲಿ ಏನಾದ್ರೂ ಬದಲಾವಣೆ ಆಯ್ತಾ?"

"ಇಲ್ಲ ಸಾರ್," ಎಂದೆ, ಮರಿಯನ್ನು ಎತ್ತಿಕೊಂಡೇ.

ಅಷ್ಟು ದಿನವೂ ಅತ್ತೆ ಪಡಸಾಲೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಫೋನನ್ನು ಕೇಳಿದೆವು, ಡಾಕ್ಟರನ್ನು ಕೇಳಿದೆವು, ಅವರನ್ನು ಮಾತ್ರ ಕೇಳಿರಲಿಲ್ಲ. ಡಾಕ್ಟರು ಹೋದ ಮೇಲೆ ಅವರೇ ಬಾಯಿ ಬಿಟ್ಟರು.

"ಅದ್ರ ಚೀಲ ಒಗ್ದು ಮೊನ್ನೆ ಬಂದಿದ್ದಕ್ಕೆ ಹಾಸಿದ್ರಿ. ಅದ್ರ ಎದುರಿಗೇ ಇದನ್ನ ತೊಡೆ ಮೇಲೆ ಕೂರಿಸ್ಕೊಂಡು ತಿನ್ನಿಸ್ತೀರಿ. ಮೇಲಿಂದ ಅದಕ್ಕೇ ಬುದ್ಧಿ ಬೇರೆ ಹೇಳ್ತೀರಿ. ನಾನಾಗಿದ್ರೆ ಕಚ್ತಿದ್ದೆ."

"ಮತ್ತೆ ಏನ್ಮಾಡ್ಬೇಕು ಅತ್ತೆ?"

"ನೀನು ಬಂದ್ ಹೊಸ್ತರಲ್ಲಿ ನಾನೇನ್ ಮಾಡ್ದೆ, ಗ್ಯಾಪಕ ಐತಾ?"

ಇತ್ತು. ಮದುವೆಯಾದ ಮೂರನೆಯ ತಿಂಗಳಲ್ಲಿ ಅತ್ತೆ ನಾಲ್ಕು ದಿನವಿದ್ದು ಬರುತ್ತೇನೆಂದು ಯಗಟಿಗೆ ಮಗಳ ಮನೆಗೆ ಹೋದವರು ಎರಡು ತಿಂಗಳು ಬರಲಿಲ್ಲ.

"ನನ್ನ ಸಾರು ನಿಮಗೆ ಹಿಡಿಸ್ಲಿಲ್ಲ ಅಂದ್ಕೊಂಡಿದ್ದೆ."

"ಸಾರು ಚೆನ್ನಾಗೇ ಇತ್ತು ಕಣೇ. ನೀನು ಅಡುಗೆಮನೆ ಡಬ್ಬಿ ಎಲ್ಲಾ ಜಾಗ ಬದ್ಲಾಯ್ಸಿ ಚೀಟಿ ಅಂಟಿಸ್ಬಿಟ್ಟಿದ್ದೆ. ನಂಗೆ ಓದಕ್ ಬರಲ್ಲ. ನನ್ ಮನೇಲಿ ನಾನೇ ಉಪ್ಪೆಲ್ಲಿ ಅಂತ ನಿನ್ನ ಕೇಳ್ಬೇಕಾಯ್ತು."

ಇಪ್ಪತ್ತೆರಡು ವರ್ಷ ಅವರು ಈ ಮಾತು ಆಡಿರಲಿಲ್ಲ. ನಾನು ಆ ಚೀಟಿಗಳನ್ನು ಮುದ್ದಾದ ಅಕ್ಷರಗಳಲ್ಲಿ ಬರೆದು, ನೋಡಿದವರೆಲ್ಲ ಮೆಚ್ಚಲಿ ಎಂದು ಅಂಟಿಸಿದ್ದೆ. ಅತ್ತೆಗೆ ಓದಲು ಬಾರದೆಂದು ಗೊತ್ತಿದ್ದೂ ಅಂಟಿಸಿದ್ದೆ. ಮರಿಯನ್ನು ಕೆಳಗೆ ಚೀಲದ ಮೇಲೆ ಇಳಿಸಿದೆ.

ಅತ್ತೆ ಎದ್ದರು. ಒಗೆದ ಚೀಲವನ್ನು ಮರಿಯ ಕೆಳಗಿನಿಂದ ಎಳೆದುಕೊಂಡು ಹಿತ್ತಲಿಗೆ ಹೋಗಿ, ನಾಯಿ ಮಲಗುತ್ತಿದ್ದ ಮಣ್ಣಿನಲ್ಲೇ ಚೆನ್ನಾಗಿ ಹೊರಳಾಡಿಸಿ, ತಂದು ಹೊಸ್ತಿಲ ಹೊರಗೆ ಹಾಸಿದರು. ಮರಿಯನ್ನು ಅಂಗಳದ ಕಂಬಕ್ಕೆ ಕಟ್ಟಿದರು. ಮೊದಲ ಮುದ್ದೆಯನ್ನು ಹಳೆಯ ನಾಯಿಯ ತಟ್ಟೆಗೆ ಹಾಕಿ, "ಬಾರೋ," ಎಂದು ಒಂದೇ ಸಲ ಕರೆದು ಕುರ್ಚಿಗೆ ವಾಪಸಾದರು. ಮರಿ ಹಸಿವೆಯಿಂದ ಕುಂಯ್‌ಗುಟ್ಟಿತು. ಯಾರೂ ಏಳಲಿಲ್ಲ. ನಾಯಿ ಬಂತು, ಚೀಲ ಮೂಸಿತು, ಕಟ್ಟಿಹಾಕಿದ ಮರಿಯನ್ನು ಸಾಕಷ್ಟು ಹೊತ್ತು ನೋಡಿತು. ಆಮೇಲೆ ಇಡೀ ಮುದ್ದೆ ತಿಂದು ತಟ್ಟೆ ನೆಕ್ಕಿತು. ಆಮೇಲಷ್ಟೇ ಮರಿಗೆ ಊಟ.

ಮರುದಿನ ಮರಿ ಚೀಲದ ಮೇಲೆ ಹತ್ತಲು ಹೋಗಿ ಒಂದು ಗದರಿಕೆ ತಿಂದು ಉರುಳಿಬಿತ್ತು. ನಾನು ಎದ್ದೆ.

"ಕೂತ್ಕೋ," ಎಂದರು ಅತ್ತೆ. "ಮನೆ ಪದ್ಧತಿ ಹೇಳ್ಕೊಡ್ತಾ ಐತೆ. ಕಚ್ಚಲ್ಲ."

ಕಚ್ಚಲಿಲ್ಲ. ಎರಡು ವಾರದಲ್ಲಿ ಮರಿ ಚೀಲದ ಅಂಚಿನಿಂದ ಒಂದು ಗೇಣು ದೂರ ಮಲಗಲು ಕಲಿಯಿತು. ನನ್ನ ಗಂಡ ಎರಡೂ ಒಟ್ಟಿಗೆ ಮಲಗಿದ ಫೋಟೊ ತೆಗೆದು, ಗೇಣಿನ ಅಂತರ ಕಾಣದ ಹಾಗೆ ಕತ್ತರಿಸಿ, ಸ್ಟೆಪ್ ಬೈ ಸ್ಟೆಪ್ ವಿಧಾನದ ಫಲವೆಂದು ನೆಂಟರ ಗ್ರೂಪಿಗೆ ಹಾಕಿದರು. ನಾದಿನಿ ಅದು ತಮ್ಮ ಕುರಿನಾಯಿಯ ತಳಿಯ ಗುಣ ಎಂದು ಉತ್ತರಿಸಿದಳು. ನಾನು ಸ್ಟಾಫ್ ರೂಮಿನಲ್ಲಿ ತಾಳ್ಮೆಯ ಮಹತ್ವದ ಬಗ್ಗೆ ಮಾತಾಡಿದೆ. ಅತ್ತೆಗೆ ಫೋನೂ ಇಲ್ಲ, ಸ್ಟಾಫ್ ರೂಮೂ ಇಲ್ಲ.

ಈಗ ಎರಡು ವರ್ಷವಾಗಿದೆ. ಮರಿ ಎತ್ತರದಲ್ಲಿ ಹಳೆಯದನ್ನು ಮೀರಿಸಿದೆ. ಹಳೆಯದಕ್ಕೆ ಕಿವಿ ಮಂದವಾಗಿ ಗೇಟಿನ ಸದ್ದು ಕೇಳಿಸುವುದಿಲ್ಲ. ಹಾಗಾಗಿ ಅದು ಅರ್ಧ ಕಣ್ಣು ತೆರೆದು ಚಿಕ್ಕದರ ಕಿವಿಯನ್ನೇ ನೋಡುತ್ತಾ ಮಲಗಿರುತ್ತದೆ. ಆ ಕಿವಿ ನಿಮಿರಿದ ಕೂಡಲೇ ತಾನೇ ಮೊದಲು ಕೇಳಿಸಿಕೊಂಡಂತೆ ಎದ್ದು ಬೊಗಳುತ್ತದೆ. ಚಿಕ್ಕದು ಅದು ಶುರುಮಾಡುವವರೆಗೂ ಕಾಯುತ್ತದೆ.