ತಣ್ಣಗಾದ ಗ್ಲಾಸು

ಎಂ.ಎಸ್ಸಿ. ಮುಗಿಸಿ ಮಿರಜದ ಗೊಬ್ಬರದ ಕಾರ್ಖಾನೆಯೊಂದಕ್ಕೆ ನಾನು ಸೇರಿದಾಗ ಉದ್ಯಮಕ್ಕೆ ಬೇಕಿದ್ದ ಸರ್ಕಾರಿ ಪರವಾನಗಿಗಳ ಕಾಟ ಸಡಿಲಾಗಿತ್ತು. ಊರ ಹೊರಗೆ ತಿಂಗಳಿಗೊಂದು ಹೊಸ ಶೆಡ್ಡು ಏಳುತ್ತಿತ್ತು. ನನಗೆ ಕೊಟ್ಟ ಕೆಲಸ ಒಂದೇ: ಯೂರಿಯಾ ಕಾಳಿಗೆ ಮೇಣ, ಬೇವಿನೆಣ್ಣೆಯ ಪದರ ಕೊಡುವುದು. ಕಬ್ಬಿನ ಬೇರಿಗೆ ಗೊಬ್ಬರ ಒಮ್ಮೆಲೇ ಅಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಸಿಗಬೇಕು. ತಿರುಗುವ ದೊಡ್ಡ ಬಾಣಲೆಯ ಮುಂದೆ ಹನ್ನೊಂದು ತಿಂಗಳು ನಿಂತೆ. ಪದರ ಹಿಡಿಯಿತು.

ನಾನು ಬರೆದ ವರದಿಯ ಮೇಲೆ ಮ್ಯಾನೇಜರ್ ತನ್ನ ಹೆಸರು ಹಾಕಿಕೊಂಡ. ಕೇಳಿದ್ದಕ್ಕೆ ನಕ್ಕ.

"ನಿನ್ನ ಹೆಸರ ಹಾಕಿ ಏನ್ ಮಾಡೂದವಾ? ನಾಳೆ ಲಗ್ನ ಆದ್ರ ಅಡ್ಡಹೆಸರ ಬದಲಾಗ್ತೈತಿ. ಮತ್ತ ರಿಪೋರ್ಟ್ ತಿದ್ದಕೋತ ಯಾರ್ ಕುಂದ್ರಬೇಕು?"

ಬಾಣಲೆಯ ಹತ್ತಿರ ಕೆಲಸಕ್ಕಿದ್ದ ಹೆಂಗಸರೂ ನಕ್ಕರು.

ವರದಿಯಲ್ಲಿ ಇಲ್ಲದ್ದು ಒಂದಿತ್ತು. ಪದರ ಕೊಟ್ಟ ಕಾಳನ್ನು ಬೆಳಗಿನತನಕ ಹರವಿ ಆರಲು ಬಿಡಬೇಕು. ಐದಕ್ಕೆ ಪಾಳಿ ಮುಗಿಯುತ್ತಿದ್ದುದರಿಂದ ಚೀಲ ತುಂಬುವುದು ಹೇಗೂ ಮರುದಿನವೇ. ಅದೂ ಒಂದು ಹಂತವೆಂದು ನನಗೇ ಹೊಳೆದಿರಲಿಲ್ಲ. ಬೇಡಿಕೆ ಬರುವ ಮೊದಲೇ ಮ್ಯಾನೇಜರ್ ಎರಡನೆಯ ಪಾಳಿ ಶುರುಮಾಡಿದ. ಬಿಸಿ ಕಾಳನ್ನೇ ತುಂಬತೊಡಗಿದರು. ಒಂದು ಚೀಲ ಬಿಚ್ಚಿ ನೋಡಿದೆ. ಕಾಳು ಅಂಟಿಕೊಂಡಿದ್ದವು, ಬಿಡಿಸಿದರೆ ಪದರ ಸಿಪ್ಪೆಯಂತೆ ಕಿತ್ತುಬರುತ್ತಿತ್ತು. ರಾತ್ರಿಯಿಡೀ ಆರದ್ದೇ ಕಾರಣವೆಂದು ಆಗ ಹೊಳೆಯಿತು. ಯಾರಿಗೂ ಹೇಳದೆ ಚೀಲದ ಬಾಯಿ ಕಟ್ಟಿದೆ.

ಮಾರಾಟಕ್ಕೆ ಮೊದಲು ಹತ್ತಿರದ ಬೇಡಗ ಹಳ್ಳಿಯಲ್ಲಿ ರೈತರ ಸಭೆ. ಕಾರ್ಖಾನೆಯ ಮಾಲೀಕರೂ ಬಂದಿದ್ದರು. ಮ್ಯಾನೇಜರ್ ಒಂದು ಗ್ಲಾಸು ನೀರಿಗೆ ಕಾಳು ಸುರಿದು, "ತಾಸ್ ಬಿಟ್ಟ ನೋಡ್ರಿ, ಹಂಗ ಇರ್ತಾವ" ಎಂದು ಮುಂದೆ ಕೂತಿದ್ದ ಮುದುಕರೊಬ್ಬರ ಕೈಗೆ ಕೊಟ್ಟ. ಭಾಷಣ ನಡೆಯಿತು. ಯೂರಿಯಾ ಕರಗಿದರೆ ನೀರು ತಣ್ಣಗಾಗುತ್ತದೆಂದು ಆ ರೈತರ ಕೈಗೆ ಗೊತ್ತು.

"ಸಾಹೇಬ್ರ, ಗ್ಲಾಸ್ ಥಂಡ ಆತಲ್ರಿ! ಬರ್ಫ ಹಾಕೀರೇನು? ಎರಡು ಲಿಂಬಿಹಣ್ಣು ತರಸ್ರಿ, ಶರಬತ್ತರ ಆಗ್ಲಿ" ಎಂದರು ಆ ಮುದುಕರು.

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಗ್ಲಾಸಿನಲ್ಲಿ ಮೇಣದ ಸಿಪ್ಪೆ ತೇಲುತ್ತಿತ್ತು. ಮ್ಯಾನೇಜರ್ ನನ್ನತ್ತ ತಿರುಗಿದ. "ಏನಾಗೈತಿ, ಹೇಳ."

"ರಿಪೋರ್ಟ್ ನಿಮ್ದೈತ್ರಿ. ನಿಮಗ ಗೊತ್ತಿರಬೇಕು."

ಜೀಪಿನ ಹತ್ತಿರ ಮಾಲೀಕರು ಮೆಲ್ಲಗೆ ಕೇಳಿದರು. "ನಿನಗ ಗೊತ್ತೈತಿ. ಹೌದಿಲ್ಲ, ತಂಗಿ?"

"ಗೊತ್ತೈತ್ರಿ. ಆ ಕೆಲಸ ನಂದ್ರಿ. ರಿಪೋರ್ಟ್ ಮ್ಯಾಲಿನ ಹೆಸರ ತಿದ್ದಿದ ಮ್ಯಾಲ ಹೇಳ್ತೀನಿ."

ಮರುದಿನ ಮಾಲೀಕರು ಮ್ಯಾನೇಜರನ ಕೈಯಿಂದಲೇ ವರದಿಯ ಮೇಲಿದ್ದ ಅವನ ಹೆಸರಿಗೆ ಗೀಟು ಎಳೆಸಿದರು. ಬಾಣಲೆಯ ಹೆಂಗಸರನ್ನೂ ಕರೆಸಿರೆಂದು ನಾನೇ ಕೇಳಿಕೊಂಡಿದ್ದೆ. ಬಾಗಿಲಲ್ಲಿ ನಿಂತಿದ್ದರು, ಯಾರೂ ನಗಲಿಲ್ಲ. ನನ್ನ ಹೆಸರು ಬರೆದು ಅವನು ಪೆನ್ನು ಎತ್ತಿದ.

"ಅಡ್ಡಹೆಸರೂ ಬರೀರಿ," ಎಂದೆ.

ಬರೆದ. ಶಾಯಿ ಒಣಗುವತನಕ ಕಾದು, ಕಾಳನ್ನು ಬೆಳಗಿನತನಕ ಆರಲು ಬಿಡುವ ಮಾತು ಹೇಳಿದೆ.