ಅಕ್ಕನ ಎಡಗೈ ಎಸೆತ

ಯಾವುದಾದರೂ ರಿಪೇರಿ ಅಂಗಡಿಯ ಮುಂದೆ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದರೆ, ಅದರ ಹಿಂದೆಯೇ ವಿಭೂತಿಯ ಪರಿಮಳವೂ ನನಗೆ ಬಂದೇ ಬರುತ್ತದೆ. ವಿಜಯನಗರದ ನಮ್ಮ ನಡುಮನೆಯಲ್ಲಿ ಈ ಎರಡೂ ಜೊತೆಯಾಗಿದ್ದವು. ಮೊದಲನೆಯದು ದುಬೈಯಿಂದ ಚಿಕ್ಕಪ್ಪ ತಂದ ಟಿ.ವಿ. ಗೇಮಿನದು, ಎರಡನೆಯದು, ಅದನ್ನು ನೋಡಲೆಂದೇ ಸಂಜೆಯ ಲಿಂಗಪೂಜೆಯನ್ನು ಬೇಗ ಮುಗಿಸಿ ಬಂದು ಕೂರುತ್ತಿದ್ದ ಅಜ್ಜಿಯದು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಗೇಮಿನಲ್ಲಿದ್ದದ್ದು ನಮ್ಮ ಬೀದಿಯದೇ ಆಟ: ಎದುರಾಳಿಗಳನ್ನು ಚೆಂಡಿನಿಂದ ಹೊಡೆದು ಔಟ್ ಮಾಡುವುದು. ಶಾಲೆಯಲ್ಲಿ ಅದನ್ನು ಡಾಡ್ಜ್ ಬಾಲ್ ಎನ್ನುತ್ತಿದ್ದರು. ಅದರಲ್ಲಿ ನನ್ನ ಅಕ್ಕ ಗಿರಿಜೆಯನ್ನು ಮೀರಿಸುವವರು ಆರ್‌ಪಿಸಿ ಲೇಔಟಿನವರೆಗೂ ಇರಲಿಲ್ಲ. ಅವಳದು ಎಡಗೈ. ಊಟಕ್ಕೆ ಕೂತಾಗ ಅಜ್ಜಿಯಿಂದ ಪೆಟ್ಟು ತಿನ್ನುತ್ತಿದ್ದ ಆ ಕೈ, ಬೀದಿಯಲ್ಲಿ ಎಲ್ಲರನ್ನೂ ಓಡಿಸುತ್ತಿತ್ತು. ಆದರೆ ಅವಳು ದೊಡ್ಡವಳಾದ ಮೇಲೆ ಅಜ್ಜಿ ಬೀದಿಯಾಟವನ್ನು ನಿಲ್ಲಿಸಿಬಿಟ್ಟಳು. ಅಕ್ಕ ಎದುರಾಡಲಿಲ್ಲ. ಸಂಜೆ ಕಿಟಕಿಯ ಸರಳು ಹಿಡಿದು ನಮ್ಮ ಎಸೆತಗಳನ್ನು ನೋಡುತ್ತಿದ್ದಳು. ಅವಳ ಎಡಭುಜ ಮಾತ್ರ ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು.

ಟಿ.ವಿ. ಗೇಮುಗಳು ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿ ಬೀದಿಯಾಟಗಳನ್ನು ಕೊಂದವೆಂದು ಬರೆಯುವವರಿದ್ದಾರೆ. ನಾನು ಶಾಲೆಗಿಂತ ಹೆಚ್ಚಾಗಿ ವಾಚನಾಲಯದಲ್ಲಿ ಕಲಿತವನು. ಅಚ್ಚಾದ ಮಾತಿನ ಮೇಲೆ ಗೌರವವಿದೆ, ಆದರೆ ಅಚ್ಚಾಗಿದೆ ಎಂಬ ಕಾರಣಕ್ಕೇ ತಲೆಯಾಡಿಸಲಾರೆ. ನಮ್ಮ ಮನೆಯಲ್ಲಿ ನಡೆದದ್ದೇ ಬೇರೆ. ಅಕ್ಕ ಬಟನ್ ಒತ್ತಿ ಆಡುವಾಗ ಕಪ್ಪುಬಿಳುಪು ತೆರೆಯ ಮೇಲೆ ದೊಡ್ಡ ತಲೆಯ ಗಿಡ್ಡ ಆಟಗಾರರು ಏಟು ತಿಂದು ಉರುಳುತ್ತಿದ್ದರೆ, ಅಜ್ಜಿ ಕೂತಲ್ಲೇ ಮುಂದೆ ಸರಿಯುತ್ತಿದ್ದಳು.

"ಯಾರ ಮನೆ ಹುಡುಗ್ರೋ ಇವು? ಹೆಣ್ಣುಮಗು ಅಂತ್ಲೂ ನೋಡ್ದೆ ಮುಖಕ್ಕೇ ಹೊಡೀತಾವಲ್ಲ! ಪಕ್ಕದ ಅತ್ತಿಗುಪ್ಪೆಯವೇ ಇರ್ಬೇಕು."

"ಅವು ಬೊಂಬೆ ಕಣಜ್ಜಿ," ಎಂದೆ ನಾನು.

"ಬೊಂಬೆ ಆದ್ರೇನು, ಬುದ್ಧಿ ಬೇಡ್ವಾ? ಗಿರಿಜಾ, ಬಿಡ್ಬೇಡ ಕಣೇ ಅವನ್ನ!"

ಅಕ್ಕ ಬಿಡುತ್ತಿರಲಿಲ್ಲ. ಬೀದಿಯ ಹುಡುಗರೆಲ್ಲ ನಮ್ಮ ನಡುಮನೆಗೆ ಬಂದು ಅವಳಿಗೆ ಸೋತು ಹೋಗುತ್ತಿದ್ದರು. ಒಂದು ಸಂಜೆ ಹಾಗೆ ಸೋತ ಪಕ್ಕದ ಮನೆಯ ನಾಗರಾಜ ತಡೆಯಲಾರದೆ ಅಂದುಬಿಟ್ಟ: "ಬಟನ್ ಒತ್ತಿ ಯಾರ್ ಬೇಕಾದ್ರೂ ಗೆಲ್ತಾರಕ್ಕ. ರೋಡಿಗ್ ಬಂದು ಹೊಡೀರಿ, ನೋಡಣ."

ಅವಳು ಬರಲಾರಳೆಂದು ಅವನಿಗೂ ಗೊತ್ತಿತ್ತು. ಅಕ್ಕ ತಲೆ ತಗ್ಗಿಸಿ ನೆಲ ನೋಡಿದಳು. ಅಜ್ಜಿ ನಾಗರಾಜನನ್ನು ದಿಟ್ಟಿಸಿದಳು. ತೆರೆಯ ಮೇಲಿನ ಹುಡುಗರಲ್ಲೊಬ್ಬ ಎದ್ದು ಹೊರಗೆ ಬಂದನೇನೋ ಎಂಬಂತೆ.

"ಏಳೇ ಗಿರಿಜಾ. ಲಂಗ ಎತ್ತಿ ಕಟ್ಟು. ಇವನ ಬೆನ್ನಿಗೊಂದು ಕೊಟ್ಟು ಬಾ."

"ಅಜ್ಜಿ, ನೀನೇ ಹೋಗ್ಬೇಡ ಅಂದಿದ್ದೆ..."

"ನಾನೇ ಅಂದಿದ್ದು. ಈಗ ನಾನೇ ಹೇಳ್ತಾ ಇದೀನಿ, ಹೋಗು."

ಅಕ್ಕನ ಏಟು ನಾಗರಾಜನ ಬೆನ್ನಿಗೆ ಬಿದ್ದ ಸದ್ದಿಗೆ ಎದುರುಮನೆಯವರು ಬಾಗಿಲಿಗೆ ಬಂದರು. "ಅಯ್ಯಮ್ಮಾ, ಸಾಕಕ್ಕೋ!" ಎಂದು ಬೆನ್ನು ಉಜ್ಜಿಕೊಳ್ಳುತ್ತಲೇ ಅವನೂ ನಕ್ಕ. ಮರುದಿನ ಸಂಜೆ ಅಕ್ಕ ಕಿಟಕಿಯ ಹತ್ತಿರ ಹೋಗಲಿಲ್ಲ, ನೇರವಾಗಿ ಚಪ್ಪಲಿ ಬಿಟ್ಟು ಬೀದಿಗಿಳಿದಳು. ನಿಷೇಧದ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅದನ್ನು ಹಾಕಿದವಳಂತೂ ಎತ್ತಲೇ ಇಲ್ಲ. ತನ್ನ ಮಾತನ್ನು ತಾನೇ ಮುರಿಯುವ ಧೈರ್ಯವಿದ್ದ ಹಿರಿಯರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಅಕ್ಕನೂ ಈಗಿಲ್ಲ. ಮನೆಯಿದ್ದಲ್ಲಿ ಎತ್ತರದ ಕಟ್ಟಡ ನಿಂತಿದೆ. ಬೀದಿಯ ಎರಡೂ ಬದಿಗೆ ಕಾರುಗಳು ನಿಂತು, ಒಂದು ಚೆಂಡು ಉರುಳುವಷ್ಟೂ ಜಾಗವಿಲ್ಲ. ಆ ಕಡೆ ಹೋದಾಗ ಹಳೆಯ ಗೇಟಿದ್ದ ಕಡೆ ಒಂದು ಕ್ಷಣ ನಿಲ್ಲುತ್ತೇನೆ. ನಾಗರಾಜನಿಗೆ ಹೊಡೆಯಲು ಇಳಿದ ಆ ಮೊದಲ ಸಂಜೆ ಅಕ್ಕ ಚೆಂಡು ಹಿಡಿದು, ಅಜ್ಜಿ ನೋಡುತ್ತಿದ್ದಾಳೆಂಬ ಅಭ್ಯಾಸದ ಅಂಜಿಕೆಯಿಂದ, ಅದನ್ನು ಬಲಗೈಗೆ ದಾಟಿಸಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗೇಟಿನ ಬಳಿ ನಿಂತಿದ್ದ ಅಜ್ಜಿ ಇಡೀ ಬೀದಿಗೆ ಕೇಳುವಂತೆ ಕೂಗಿದ್ದಳು: "ಎಡಗೈಲಿ ಹೊಡಿಯೇ, ಎಡಗೈಲಿ!"