ಗಣಿಯ ಬಾಗಿಲಲ್ಲಿ ಕಡೀ ಪಂಕ್ತಿ

ಆ ಹಳ್ಳಿಗೆ ಹೋಗೋಣ ಎಂದು ಮೊದಲು ಹೇಳಿದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಎಲ್ಲರೂ ಅದು ತಮ್ಮದೇ ಐಡಿಯಾ ಎಂಬಂತೆ ಮಾತಾಡಿದರು.

ಲೋವರ್ ಹಟ್‌ನ ನಮ್ಮ ಮನೆಯಲ್ಲಿ ಒಂದು ಭಾನುವಾರ ಮೂರು ಮನೆಯವರು ಊಟಕ್ಕೆ ಸೇರಿದ್ದೆವು. ನನ್ನ ಗಂಡನ ಆಫೀಸಿನ ಬೆಂಗಳೂರಿನ ಜೋಡಿ, ಅವರ ಇಬ್ಬರು ಮಕ್ಕಳು; ಇನ್ನೊಂದು ಮೈಸೂರಿನ ಜೋಡಿ. ನಾವಿರುವ ಈ ದೇಶದಲ್ಲಿ ಜುಲೈ ಎಂದರೆ ಚಳಿಗಾಲ; ಆ ರಜೆಗೆ ಎಲ್ಲರಿಗೂ ಹಿಮ ಬೇಕಾಗಿತ್ತು. ನಾನು ಮಜ್ಜಿಗೆ ಬಡಿಸುತ್ತಾ ಹೇಳಿದೆ, "ಒಟಾಗೊ ಕಡೆ ಗುಡ್ಡದಾಗ ಒಂದು ಹಳ್ಳಿ ಅದ. ಮ್ಯಾಲೆ ಹಿಮ, ಸೈಕಲ್ ದಾರಿ, ನಿಮಗ ಬೇಕಾದ್ದೆಲ್ಲಾ ಅದ. ಕೆಳಗ ಹಳೇ ಚಿನ್ನದ ಗಣಿ. ಒಳಗ ಕರ್ಕೊಂಡು ಹೋಗಿ ತೋರಸ್ತಾರ. ಅಡಗಿ ಪೂರಾ ನಂದು. ನನಗ ಅದೊಂದು ಗಣಿ ತೋರಸ್ರಿ, ಸಾಕು."

"ಆಂಟಿ, ನಿಮ್ಮ ರೊಟ್ಟಿ ಸಿಗತ್ತೆ ಅಂದ್ರೆ ಗಣಿ ಏನು, ಪಾತಾಳಕ್ಕೂ ಬರ್ತೀವಿ," ಎಂದಳು ಮೈಸೂರಿನವಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಬೆಳೆದದ್ದು ರಾಯಚೂರು ಜಿಲ್ಲೆಯ ಒಂದು ಚಿನ್ನದ ಗಣಿಯ ಕಾಲೋನಿಯಲ್ಲಿ. ಅಪ್ಪ ಒಳಗೆ ಇಳಿದು ಸುರಂಗದ ಮಾಡಿಗೆ ಮರದ ಆಧಾರ ಕೊಡುವ ಕೆಲಸದಲ್ಲಿದ್ದರು. ನಮ್ಮ ಮನೆಯಲ್ಲಿ ಗಡಿಯಾರ ನೋಡುತ್ತಿರಲಿಲ್ಲ. ಪಾಳಿ ಬದಲಾಗುವಾಗ ಕೂಗುವ ಭೋಂಗಾ ಕೇಳಿ ಅವ್ವ ಒಲೆಯ ಮೇಲೆ ನೀರಿಡುತ್ತಿದ್ದಳು. ಅಪ್ಪ ಬೆವರಿನಲ್ಲಿ ನೆನೆದು, ಕಿವಿಯ ಸಂದಿಯಲ್ಲೆಲ್ಲ ಬೂದಿಬಣ್ಣದ ಧೂಳು ತುಂಬಿಕೊಂಡು ಬರುತ್ತಿದ್ದರು. ಒಳಗೆ ಏನಿರುತ್ತದೆ ಎಂದು ಕೇಳಿದರೆ, "ಕತ್ತಲಿ ಇರ್ತದವ್ವಾ, ಮತ್ತೇನ್ ಇರ್ತದ? ಹೆಣ್ಣುಮಕ್ಕಳು ನೋಡೋದಲ್ಲ ಅದು," ಎನ್ನುತ್ತಿದ್ದರು. ಹೆಂಗಸರನ್ನು ಒಳಗೆ ಇಳಿಸುತ್ತಿರಲಿಲ್ಲ. ಆಯುಧ ಪೂಜೆಯ ದಿನ ಮೇಲಿನ ಯಂತ್ರದ ಮನೆಯ ತನಕ ನಮ್ಮನ್ನು ಬಿಡುತ್ತಿದ್ದರು. ಕುಂಕುಮ ಹಚ್ಚಿದ ದೊಡ್ಡ ಚಕ್ರ, ಬಾಳೆಕಂಬ, ಕೈಗೆ ಒಂದು ಹೋಳು ಕೊಬ್ಬರಿ, ಅಷ್ಟೇ. ನಮಗೆ ಅನ್ನ ಹಾಕಿದ ಜಾಗವನ್ನು ನಾನು ಒಂದು ಸಲವೂ ನೋಡಲಿಲ್ಲ. ಅಪ್ಪ ಹೋಗಿ ವರ್ಷಗಳಾದವು. ಈ ದೇಶದಲ್ಲಿ ಹೆಂಗಸರೂ ಗಣಿಯೊಳಗೆ ಹೋಗಬಹುದು ಎಂದು ಗೊತ್ತಾದಾಗಿನಿಂದ, ಸಾಯುವುದರೊಳಗೆ ಒಂದು ಸಲ ಹೋಗಿ ನಿಲ್ಲಬೇಕು ಎಂದು ಮನಸ್ಸಿನಲ್ಲಿತ್ತು. ಇದು ನನ್ನ ಗಂಡನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಸಿಟ್ಟಿನ ಬೇರು ಇರುವುದು ಅಲ್ಲಿಯೇ: ಗೊತ್ತಿತ್ತು.

ಹೊರಡುವ ವೇಳೆಗೆ ಮೈಸೂರಿನವಳ ತಮ್ಮನೂ ಸೇರಿಕೊಂಡ. ಬೆಂಗಳೂರಿನಿಂದ ಅಕ್ಕನ ಮನೆಗೆ ಬಂದಿದ್ದ ಹುಡುಗ; ಒಳ್ಳೆಯವನೇ, ಅವನ ಮೇಲೆ ನನಗೇನೂ ಇಲ್ಲ. ಹೀಗೆ ಒಟ್ಟು ಒಂಬತ್ತು ಜನ ಆದೆವು. ಕ್ವೀನ್ಸ್‌ಟೌನ್‌ಗೆ ವಿಮಾನದಲ್ಲಿ ಹೋಗಿ ಎರಡು ಕಾರು ಬಾಡಿಗೆಗೆ ತೆಗೆದುಕೊಂಡೆವು. ಹಳ್ಳಿಯಲ್ಲಿ ಒಂದು ಮನೆ ಹಿಡಿದಿದ್ದೆವು. ರಜೆಗೆಂದು ಇಳಿಯುವ ಇಂಥ ಪುಟ್ಟ ಮನೆಗೆ ಲೋವರ್ ಹಟ್ ಕಡೆ ಬ್ಯಾಚ್ ಅಂದರೆ ಅಲ್ಲಿ ಕ್ರಿಬ್ ಅನ್ನುತ್ತಾರೆ. ತಗಡಿನ ಮಾಡು, ಒಂದೇ ಹೀಟರು, ಬೆಳಗ್ಗೆ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿ ಬರುತ್ತಲೇ ಇರಲಿಲ್ಲ. ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಇತ್ತು. ಆದರೆ ಮಕ್ಕಳಿಗೆ ಬಿಸಿ ಬೇಕು, ಗಂಡಸರಿಗೆ ಅನ್ನ ಬೇಕು. ಮೊದಲ ದಿನ ಅವರೆಲ್ಲ ಮೇಲೆ ಹಿಮದಲ್ಲಿ ಜಾರಿ ಬಂದರು. ನಾನು ಬೇಳೆ ಬೇಯಿಸಿದೆ. ಅವರ ಒದ್ದೆ ಕೈಗವಸುಗಳನ್ನು ಹೀಟರಿನ ಮುಂದೆ ಜೋಡಿ ಜೋಡಿಯಾಗಿ ಹರವಿದೆ. ಬೇಸರವೇನೂ ಆಗಲಿಲ್ಲ. ನಾಳೆ ನನ್ನ ದಿನ ಎಂದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ಗಣಿಯ ಕಚೇರಿಗೆ ಹೋದೆವು. ಕಚೇರಿ ಅಂದರೆ ಹಳೆಯ ಮರದ ಶೆಡ್ಡು. ಗೋಡೆಗೆ ಹೆಲ್ಮೆಟ್ಟು, ಕೆಳಗೆ ಸಾಲಾಗಿ ಗಮ್‌ಬೂಟು. ನಾನು ನನ್ನ ಅಳತೆಯ ಬೂಟು ಆರಿಸಿ ಒಂದು ಕಾಲು ತೂರಿಸಿದ್ದೆ. ಆಗ ಕೌಂಟರಿನ ಹೆಂಗಸು ಒಂದು ಗುಂಪಿಗೆ ಎಂಟೇ ಜನ ಎಂದಳು. ಒಳಗೆ ಜಾಗ ಇಕ್ಕಟ್ಟು, ಅದು ನಿಯಮ.

ಯಾರೂ ಯಾರ ಮುಖವನ್ನೂ ನೋಡುವ ಮೊದಲೇ ನನ್ನ ಗಂಡ ಬಾಯಿ ಬಿಟ್ಟರು. "ನೋ ಪ್ರಾಬ್ಲಂ. ಮೈ ವೈಫ್ ವಿಲ್ ವೇಟ್."

ನಾನು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ನಿಂತೇ ಇದ್ದೆ. "ಏನ್ರಿ?" ಎಂದೆ.

"ಅಲ್ಲ, ನಾವು ಮನಿಯವರಲ್ಲೇನ?" ಎಂದು ಮೆಲ್ಲಗೆ ಹೇಳಿದರು. "ಬಂದವರು ಮೊದಲು ನೋಡಲಿ. ನಾವು ಕಡೀ ಪಂಕ್ತಿಗೆ ಕೂಡೂಣು."

"ಅಯ್ಯೋ ಪಾಪ, ಆಂಟಿ ಬರಲಿ, ನಾನು ಇರ್ತೀನಿ," ಎಂದ ಮೈಸೂರಿನವಳ ತಮ್ಮ. ಅವನ ಅಕ್ಕ ಅವನ ತೋಳು ಹಿಡಿದು ಹೇಳಿದಳು, "ನೀನು ಅಷ್ಟು ದೂರದಿಂದ ಬಂದಿದೀಯ ಕಣೋ. ಆಂಟಿ ಇಲ್ಲೇ ಇರೋರು, ಯಾವಾಗ ಬೇಕಾದ್ರೂ ಬರ್ತಾರೆ. ಅಲ್ವಾ ಆಂಟಿ?"

ನಾನು ಬೂಟಿನಿಂದ ಕಾಲು ತೆಗೆದೆ. ಮಕ್ಕಳು ಹೆಲ್ಮೆಟ್ಟಿನ ದೀಪ ಹಚ್ಚಿ ಆರಿಸುತ್ತಿದ್ದರು. ನನ್ನ ಕೈಗೆ ನಾಲ್ಕು ಬ್ಯಾಗು, ಒಂದು ಕಾರಿನ ಕೀಲಿ ಬಂತು. ದಾರಿ ತೋರಿಸಲು ಒಬ್ಬ ಗಂಡಸು ಬಂದ. ಅವರು ಹೋದರು. ನನ್ನ ಗಂಡನೂ ಹೋದರು.

ನಮ್ಮ ಕಡೆಯ ಮದುವೆ ಮುಂಜಿಗಳನ್ನು ನೋಡಿದವರಿಗೆ ಈ ಮಾತು ಗೊತ್ತು. ಮನೆಯವರು ಮೊದಲ ಪಂಕ್ತಿಗೆ ಕೂರುವುದಿಲ್ಲ. ಬಂದವರೆಲ್ಲ ಉಂಡು ಎದ್ದು, ಎಲೆ ತೆಗೆದು, ಸೆಗಣಿ ಬಳಿದ ಮೇಲೆ ಕೂರುತ್ತಾರೆ. ಸಾರು ತೆಳ್ಳಗಾಗಿರುತ್ತದೆ, ಹಪ್ಪಳ ಮುರಿದಿರುತ್ತದೆ. ಆದರೂ ಎಲೆ ಬಿದ್ದೇ ಬೀಳುತ್ತದೆ. ಆ ನಂಬಿಕೆಯ ಮೇಲೆಯೇ ನಾನು ಎಷ್ಟೋ ವರ್ಷ ಸೌಟು ಹಿಡಿದು ನಿಂತವಳು. ಕೌಂಟರಿಗೆ ಹೋಗಿ ಮುಂದಿನ ಗುಂಪು ಯಾವಾಗ ಎಂದು ಕೇಳಿದೆ.

"ಚಳಿಗಾಲದಲ್ಲಿ ದಿನಕ್ಕೆ ಒಂದೇ," ಎಂದಳು ಆ ಹೆಂಗಸು. "ನಾಳೆ ಬೆಳಗ್ಗೆ ಹತ್ತಕ್ಕೆ ಇನ್ನೊಂದಿದೆ. ಆಮೇಲೆ ರಿಪೇರಿಗೆ ಅಂತ ಮುಚ್ಚುತ್ತೇವೆ."

ನಾಳೆ ಬೆಳಗ್ಗೆ ಎಂಟಕ್ಕೆಲ್ಲ ನಾವು ಕ್ವೀನ್ಸ್‌ಟೌನ್‌ಗೆ ಹೊರಡುವುದು ಎಂದಾಗಿತ್ತು. ಜೆಟ್ ಬೋಟ್ ಬುಕ್ ಆಗಿತ್ತು. ಅಂದರೆ ಕಡೀ ಪಂಕ್ತಿಯೇ ಇರಲಿಲ್ಲ. ನನ್ನ ಗಂಡ ಅದನ್ನು ಕೇಳುವ ಗೋಜಿಗೂ ಹೋಗಿರಲಿಲ್ಲ.

ಹೊಳೆಯ ದಂಡೆಗೆ ಇಳಿದೆ. ಹಿಂದಿನ ಕಾಲದ ಚೀನೀ ಗಣಿಗಾರರ ಕಲ್ಲಿನ ಗುಡಿಸಲುಗಳಿದ್ದವು. ನಮ್ಮ ಬಚ್ಚಲುಮನೆಯಷ್ಟು ಅಗಲ. ಒಂದರೊಳಗೆ ಬಗ್ಗಿ ನೋಡಿದೆ, ಒಲೆಯ ಗೂಡು ಕಂಡಿತು. ಇವರ ಹೆಂಡಂದಿರು ಸಮುದ್ರದ ಆಚೆಯೇ ಉಳಿದಿದ್ದರಂತೆ, ಪಕ್ಕದ ಫಲಕದಲ್ಲಿ ಬರೆದಿತ್ತು. ಫಲಕವನ್ನು ಕೊನೆಯ ತನಕ ಓದಿ, ಮತ್ತೆ ಕೌಂಟರಿಗೆ ಹೋಗಿ ಬಂದು ಶೆಡ್ಡಿನ ಹೊರಗಿನ ಬೆಂಚಿನ ಮೇಲೆ ಕೂತೆ.

ಅವರು ಗದ್ದಲ ಮಾಡುತ್ತಾ ಹೊರಬಂದರು. "ಏನಿಲ್ಲ ಆಂಟಿ, ನೀವೇನೂ ಮಿಸ್ ಮಾಡ್ಕೊಂಡಿಲ್ಲ," ಎಂದ ಬೆಂಗಳೂರಿನವನು. "ಉದ್ದಕ್ಕೆ ಒಂದು ಕತ್ತಲೆ ರೂಮು, ಅಷ್ಟೇ. ಬನ್ನಿ, ರೊಟ್ಟಿ ತೆಗೀರಿ, ಹೊಟ್ಟೆ ತಾಳ ಹಾಕ್ತಿದೆ."

"ಡಿಕ್ಕಿಯಾಗ ಅದ. ತಕ್ಕೊಂಡು ತಿನ್ರಿ," ಎಂದೆ.

ನಾನು ಬಡಿಸದೆ ನಿಂತದ್ದು ಅಲ್ಲಿದ್ದ ಯಾರಿಗೂ ಅರ್ಥವಾಗಲಿಲ್ಲ. ಚಟ್ನಿ ಯಾವ ಡಬ್ಬಿಯಲ್ಲಿದೆ ಎಂದು ಹುಡುಕುತ್ತಾ ಎಲ್ಲ ಮುಚ್ಚಳ ತೆಗೆದರು. ಗಂಡ ನನ್ನನ್ನು ಕಾರಿನ ಆಚೆ ಬದಿಗೆ ಕರೆದರು.

"ಏನಾತು ನಿನಗ? ಮಂದಿ ಮುಂದ ಮುಖ ಊದಿಸ್ಕೊಂಡು."

"ಮನಿಯವರು ನಾವು ಅಂದ್ರಿ. ಮತ್ತ ಹೊರಗ ನಿಂತಾಕಿ ನಾ ಒಬ್ಬಾಕಿ ಹೆಂಗಾದೆ?"

"ಹುಡುಗರ ಜೋಡಿ ಯಾರರೆ ಇರಬೇಕಲ್ಲ."

"ಹುಡುಗರಿಗೆ ಅವರಪ್ಪ ಅವ್ವ ಇದ್ರು."

"ಮುಂದಿನ ಸರ್ತಿ ಬರೂಣಲ್ಲ, ಅದೇನ್ ಓಡಿ ಹೋಗ್ತದೇನ?"

"ನನ್ನನ್ನ ಒಂದು ಮಾತು ಕೇಳಿದ್ರೇನು? ಬ್ಯಾಡ, ಕೇಳಬ್ಯಾಡ್ರಿ. ಯಾಕ ಬಂದೀನಿ ಇಲ್ಲಿಗೆ ಅನ್ನೋದರೆ ನೆನಪಿತ್ತೇನು?"

ಅವರಿಗೆ ನೆನಪಿರಲಿಲ್ಲ. ಗೊತ್ತಿದ್ದದ್ದು ಆ ಕ್ಷಣಕ್ಕೆ ನೆನಪಿಗೆ ಬಂದಿರಲಿಲ್ಲ. ಹಗೆತನದಿಂದ ಮಾಡಿದ್ದರೆ ಜಗಳವಾಡಿ ಮುಗಿಸಬಹುದಾಗಿತ್ತು. ಉಪ್ಪಿನ ಡಬ್ಬಿಯನ್ನು ಬದಿಗೆ ಸರಿಸುವಂತೆ ಸರಿಸಿದ್ದರು.

"ನಾಳೆ ನಾ ಬರೂದಿಲ್ಲ," ಎಂದೆ. "ಹತ್ತಕ್ಕ ಒಳಗ ಹೋಗ್ತೀನಿ. ಹೆಸರು ಕೊಟ್ಟು ಬಂದೀನಿ. ನೀವು ಬೋಟಿಗೆ ಹೋಗ್ರಿ."

"ಎಲ್ಲಾರ ಪ್ಲಾನು ಕೆಡಸ್ತಿ."

"ಕೆಡಲಿ."

ಆ ಸಂಜೆ ನಾನು ಅಡುಗೆ ಮಾಡಲಿಲ್ಲ. ಮೈಸೂರಿನವಳು ನೂಡಲ್ಸ್ ಬೇಯಿಸಿದಳು. ನನ್ನ ತಟ್ಟೆಯನ್ನು ನನ್ನ ಮುಂದಿಟ್ಟು, "ಸಾರಿ ಆಂಟಿ, ನಿಮಗೆ ಅಷ್ಟು ಆಸೆ ಇತ್ತು ಅಂತ ಗೊತ್ತಿರ್ಲಿಲ್ಲ," ಎಂದಳು. ಗೊತ್ತಿರಲಿಲ್ಲವಂತೆ! ಎಲ್ಲರ ಮುಂದೆ ಮಜ್ಜಿಗೆ ಬಡಿಸುತ್ತಾ ಹೇಳಿದ್ದೆ. ಇವರ ಕಿವಿಗೆ ಬಿದ್ದದ್ದು ರೊಟ್ಟಿಯ ಮಾತು ಮಾತ್ರ.

ಬೆಳಗ್ಗೆ ದೊಡ್ಡ ಕಾರಿನಲ್ಲಿ ಏಳೂ ಜನ ಒತ್ತಿಕೊಂಡು ಅವರು ಹೋದರು. ನನ್ನ ಗಂಡ ಹೋಗಲಿಲ್ಲ. ನನ್ನ ಮೇಲಿನ ಪ್ರೀತಿಯಿಂದಲೋ, ಹೆಂಡತಿಯನ್ನು ಬಿಟ್ಟು ಬಂದ ಎಂದಾರೆಂಬ ನಾಚಿಕೆಯಿಂದಲೋ, ನಾನು ಕೇಳಲಿಲ್ಲ. ಹಿಂದಿನ ದಿನ ನಾನು ಕೂತಿದ್ದ ಬೆಂಚಿನ ಮೇಲೆ ನನ್ನ ಬ್ಯಾಗು ಹಿಡಿದು ಕೂತರು.

ಒಳಗೆ ಹೋದದ್ದು ನಾನು, ಇನ್ವರ್‌ಕಾರ್ಗಿಲ್‌ನ ಒಂದು ವಯಸ್ಸಾದ ಜೋಡಿ, ಅವತ್ತು ದಾರಿ ತೋರಿಸಲು ಬಂದ ಆ ಕೌಂಟರಿನ ಹೆಂಗಸು. ತಲೆ ತಗ್ಗಿಸಿ ನಡೆಯಬೇಕು. ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪನ ಗಣಿ ಬೇಗೆಯದು. ಇದು ಕೊರೆಯುವ ತಂಪು. ಆದರೆ ಮಾಡಿಗೆ ಕೊಟ್ಟ ಮರದ ಕಂಬಗಳಿದ್ದವು. ಒಂದರ ಮೇಲೆ ಕೈಯಿಟ್ಟೆ. ಒದ್ದೆಯಾಗಿ, ಬೆರಳಿಗೆ ಸೀಳು ಸೀಳಾಗಿ ಹತ್ತಿತು.

"ಆ ಕಾಲದಲ್ಲಿ ಹೆಂಗಸರು ಒಳಗೆ ಬಂದರೆ ಅಪಶಕುನ ಅನ್ನುತ್ತಿದ್ದರು," ಎಂದಳು ದಾರಿ ತೋರಿಸುವವಳು. ಮುದುಕ ನಕ್ಕು ನನಗೆ ಕಣ್ಣು ಮಿಟುಕಿಸಿದ. ನಾನು ನಗಲಿಲ್ಲ. ಅವನ ಹೆಂಡತಿಯೂ ನಗಲಿಲ್ಲ.

ಆಮೇಲೆ ದಾರಿ ತೋರಿಸುವವಳು ದೀಪ ಆರಿಸಿದಳು. ನಾನು ಅಳುತ್ತೇನೆ ಎಂದುಕೊಂಡಿದ್ದೆ, ಸೆರಗಿನ ಬದಲಿಗೆ ಕರವಸ್ತ್ರ ಕೂಡ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಅಳು ಬರಲಿಲ್ಲ. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲೆ, ನೀರಿನ ಸದ್ದು, ಕಲ್ಲಿನ ವಾಸನೆ. ಇಷ್ಟನ್ನು ನೋಡಿದರೆ ಯಾರ ಗಂಟು ಹೋಗುತ್ತಿತ್ತು? ಅಪ್ಪಾ, ನಿಮ್ಮ ದಿನದ ಅರ್ಧ ಹೀಗಿತ್ತು ಎಂದು ಮಗಳಿಗೆ ಬಾಯಿಬಿಟ್ಟು ಹೇಳಿದ್ದರೆ ನಿಮ್ಮ ಗಣಿ ಕುಸಿಯುತ್ತಿತ್ತೇ? ಸತ್ತ ಅಪ್ಪನ ಮೇಲೆ, ಹೊರಗೆ ಬೆಂಚಿನ ಮೇಲೆ ಕೂತ ಗಂಡನ ಮೇಲೆ, ಕೇಳದೆ ಬ್ಯಾಗು ಹಿಡಿದು ನಿಂತ ನನ್ನ ಕೈಗಳ ಮೇಲೆ, ಎಲ್ಲರ ಮೇಲೆ ಒಟ್ಟಿಗೇ ಸಿಟ್ಟು ಬಂತು. ಆ ಕತ್ತಲೆಯಲ್ಲಿ ಯಾರಿಗೂ ನನ್ನ ಮುಖ ಕಾಣುತ್ತಿರಲಿಲ್ಲ. ಸಾವಕಾಶವಾಗಿ, ಮನಸಾರೆ ಸಿಟ್ಟು ಮಾಡಿದೆ.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಗಂಡ ಎದ್ದು ನಿಂತು ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟರು.

"ಹೆಂಗಿತ್ತು?" ಎಂದರು.

"ನಿನ್ನೆ ನೀವೂ ಹೋಗಿದ್ರಲ್ಲ. ನೀವೇ ಹೇಳ್ರಿ, ಹೆಂಗಿತ್ತು?"

ಥರ್ಮಾಸಿನ ಬಿರಡೆ ತಿರುಗಿಸುತ್ತಾ, "ನಾ ಹುಡುಗರ ಫೋಟೋ ತಗಿಯೂದರಾಗ ಇದ್ನಿ," ಎಂದರು.

ನಾನು ಚಹಾ ಪೂರ್ತಿ ಕುಡಿದೆ. ಚಹಾ ಮುಗಿಯುವ ತನಕ ಅವರನ್ನು ಕಾಯಿಸಿದೆ.